ಬೆರಳುದ್ದದ ಗೂಡ್ಸ್ ಡಬ್ಬಿ

ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಅಲ್ಲಿಯವರೆಗೆ ನಮ್ಮ ಗಿರಣಿಗಳ ಅಕ್ಕಿ ರೈಲು ಹತ್ತಬೇಕಾದರೆ ಮೊದಲು ಲಾರಿ ಹತ್ತಬೇಕಿತ್ತು. ಇಂಥ ಊರಿಗೂ ಎಂಜಿನ್ನೇ ಬೆರಗು. ಚೀಲ ಹೊರುವ ಡಬ್ಬಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಐರ್ಲೆಂಡಿನಲ್ಲಿ ಮಾತ್ರ ಹಳೆಯ ಗೂಡ್ಸ್ ಡಬ್ಬಿಗಳನ್ನೇ ಹುಡುಕಿ, ಅಳೆದು, ಕಿರಿದಾಗಿ ಮತ್ತೆ ಕಟ್ಟುವ ಜನರಿದ್ದಾರೆ.

ಅಲ್ಲಿಯ ಮಾದರಿ ರೈಲುಗಳ ಮಾತು ಬಂದರೆ ಸಿರಿಲ್ ಫ್ರೈ ಅವರಿಂದಲೇ ಶುರುಮಾಡಬೇಕು. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ಅವರಿಗೆ ನಕ್ಷೆ ಬರೆಯುವ ಕೆಲಸ. ಕಾರ್ಖಾನೆಯ ಮೂಲ ನಕ್ಷೆಗಳನ್ನೇ ಆಧಾರವಾಗಿಟ್ಟುಕೊಂಡು ಮನೆಯ ಅಟ್ಟದಲ್ಲಿ ಇಡೀ ಐರ್ಲೆಂಡಿನ ರೈಲುಲೋಕ ಕಟ್ಟಿದರು. 32 ಮಿಲಿಮೀಟರ್ ಅಗಲದ ಹಳಿ, ಅದರ ಮೇಲೆ ಕೈಯಿಂದಲೇ ಮಾಡಿದ ಬಂಡಿಗಳು. ಸಂಜೆಗಳ ಬಿಡುವಿನ ಈ ದುಡಿಮೆ ಇಂದು ಒಂದು ದೇಶದ ದಾಖಲೆ. ಫ್ರೈ ಸಂಗ್ರಹ 1988ರಿಂದ 2010ರವರೆಗೆ ಮಾಲಹೈಡ್ ಕೋಟೆಯ ಆವರಣದಲ್ಲಿತ್ತು. ಆಮೇಲೆ ಕೆಲಕಾಲ ಪೆಟ್ಟಿಗೆ ಸೇರಿ, 2020ರಲ್ಲಿ ಅದೇ ಊರಿನ ಕ್ಯಾಸಿನೊ ಎಂಬ ಹುಲ್ಲು ಹೊದಿಸಿದ ಹಳೆಯ ಮನೆಯಲ್ಲಿ ಮತ್ತೆ ನೆಲೆ ಕಂಡಿತು.

ಇಂಥ ಮಾದರಿ ಕಟ್ಟುವವರಿಗೆ ದೊಡ್ಡ ತೊಡಕು ಹಳಿಯದು. ಐರ್ಲೆಂಡಿನ ಹಳಿಗಳ ಅಂತರ 1600 ಮಿಲಿಮೀಟರ್. ಒಂದು ಅಡಿಯನ್ನು 4 ಮಿಲಿಮೀಟರಿಗೆ ಇಳಿಸುವ ಲೆಕ್ಕದಲ್ಲಿ ಅದು 21 ಆಗಬೇಕು. ಅಂಗಡಿಯಲ್ಲಿ ಸಿಗುವುದು 16.5ರ ಹಳಿ. ಹಟವಾದಿಗಳು 21ರ ಹಳಿಯನ್ನು ತಾವೇ ಕೂಡಿಸುತ್ತಾರೆ. 17 ಅಡಿಯ ಡಬ್ಬಿ ಈ ಲೆಕ್ಕದಲ್ಲಿ 68 ಮಿಲಿಮೀಟರ್, ಬೆರಳುದ್ದ. ಪ್ಲಾಸ್ಟಿಕ್ ಹಾಳೆಯ ಮೇಲೆ ಹಲಗೆಗಳ ಗೆರೆ ಕೊರೆದು, ಅಂಟಿಸಿ, ಬಣ್ಣ ಬಳಿದು, ಕಡೆಗೆ ತುಕ್ಕು ಮತ್ತು ಧೂಳನ್ನೂ ಬಣ್ಣದಲ್ಲೇ ಮೂಡಿಸಬೇಕು. ನಾಲ್ಕು ಗಾಲಿಗಳೂ ಒಟ್ಟಿಗೆ ಹಳಿ ಮುಟ್ಟಿದರೆ ಅರ್ಧ ಗೆದ್ದಂತೆ.

ನನಗೆ ತೀರ ಹಿಡಿಸಿದ್ದು ಸಕ್ಕರೆ ಬೀಟ್ ಡಬ್ಬಿ. ಅಲ್ಲಿ ಸಕ್ಕರೆಗೆ ಕಬ್ಬಿರಲಿಲ್ಲ, ಬೀಟ್ ಗೆಡ್ಡೆಯೇ ಗತಿಯಾಗಿತ್ತು. ಹೆಚ್ಚು ಹೊರೆ ಹಿಡಿಯಲೆಂದು ಎರಡು ಡಬ್ಬಿಗಳ ತಗಡಿನ ಮೈಯನ್ನು ಒಂದರ ಮೇಲೊಂದು ಕೂರಿಸಿದ್ದರು. 2006ರಲ್ಲಿ ಮ್ಯಾಲೊ ಊರಿನ ಸಕ್ಕರೆ ಕಾರ್ಖಾನೆ ಮುಚ್ಚಿತು, ಡಬ್ಬಿಗಳಿಗೆ ಕೆಲಸ ತಪ್ಪಿತು. ಮಾದರಿಗಾರರ ಹಳಿಗಳ ಮೇಲೆ ಅವು ಈಗಲೂ ಗೆಡ್ಡೆ ಹೊರುತ್ತಿವೆ.

ನಮ್ಮ ಕೊಪ್ಪಳದ ಮೂಲಕ ಹಾದುಹೋಗುವ ಗದಗ–ಹೊಸಪೇಟೆ ದಾರಿ 1990ರ ದಶಕದವರೆಗೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಂತರದ ಹಳಿ, ಆಗಿತ್ತು. ಅದೇ ಲೆಕ್ಕದಲ್ಲಿ ಆ ಹಳಿ ಸುಮಾರು 13 ಮಿಲಿಮೀಟರ್. ಆ ದಾರಿಯ ಗೂಡ್ಸ್ ಡಬ್ಬಿಗಳನ್ನು ಯಾರಾದರೂ ಹೀಗೆ ಕಟ್ಟಿಡಬೇಕು. ಕೈಗಳಿಗೆ ಕೊರತೆಯಿಲ್ಲ: ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರು ಇದೇ ಜಿಲ್ಲೆಯವರು. ಬೇಕಾದದ್ದು ಅಳತೆ. ಆ ಡಬ್ಬಿಗಳನ್ನು ರಿಪೇರಿ ಮಾಡಿದವರು, ಚೀಲ ಏರಿಸಿದ ಹಮಾಲರು ಈಗ ವಯಸ್ಸಾದವರು. ಬಾಗಿಲು ಎಷ್ಟು ಅಗಲ, ಕೊಂಡಿ ಎಲ್ಲಿತ್ತು, ಬಣ್ಣ ಯಾವುದು ಎಂದು ಅವರನ್ನು ಈ ವರ್ಷವೇ ಕೇಳಬೇಕು.