ಎತ್ತರಿಸಿದ ಜೀಪಿನ ನಡುಕ

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಜೀಪು ಇಂದಿಗೂ ಮನೆಯ ಎತ್ತಿನಂತೆ ದುಡಿಯುವ ವಾಹನ. ಕೊರಕಲು ಹಾದಿಯಲ್ಲಿ ಅದರ ಹೊಟ್ಟೆ ಕಲ್ಲಿಗೆ ತಗುಲದಿರಲೆಂದು ಕೆಲವರು ಕಮಾನುಪಟ್ಟೆಗಳನ್ನು ಬದಲಿಸಿ, ಮೈಯನ್ನು ಎರಡು ಮೂರು ಅಂಗುಲ ಮೇಲೆತ್ತಿಸುವುದುಂಟು. ತೋಟದೊಳಗೆ ಎಲ್ಲವೂ ಸುಖವಾಗಿಯೇ ಇರುತ್ತದೆ. ಡಾಂಬರು ರಸ್ತೆಗೆ ಬಂದು ವೇಗ ಐವತ್ತು ಅರವತ್ತು ಕಿಲೋಮೀಟರಿಗೆ ಏರಿತೆಂದರೆ, ಹಿಂದೆಂದೂ ಇಲ್ಲದ ನಡುಕವೊಂದು ಕಾಲಡಿಯಿಂದ ಏಳುತ್ತದೆ. ಒಬ್ಬರು ಟಯರು ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ನಿನ ರಬ್ಬರು ಬದಲಿಸಿ ಎನ್ನುತ್ತಾರೆ. ಹಣ ಹೋಗುತ್ತದೆ, ನಡುಕ ಉಳಿಯುತ್ತದೆ.

ಇದನ್ನು ಸಹಿಸಿಕೊಂಡು ಓಡಿಸುವುದು ಜಾಣತನವಲ್ಲ. ನಡುಗುವ ಷಾಫ್ಟಿನ ಕೀಲು ಒಂದು ದಿನ ಮುರಿದರೆ, ಸುತ್ತುವ ಉಕ್ಕಿನ ಕೊಳವೆ ಗಾಡಿಯ ಅಡಿಯನ್ನು ಬಡಿಯುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಈ ಷಾಫ್ಟಿನ ಬುಡವನ್ನೇ ಹಿಡಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಷಾಫ್ಟು ಹೋದರೆ ಕೈಬ್ರೇಕೂ ಹೋದಂತೆಯೇ. ಆದುದರಿಂದ ನಡುಕದ ಮೂಲವನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ನೋಡೋಣ.

ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯನ್ನು ದಾಟಿ, ಮುಂದಿನ ಹಿಂದಿನ ಚಕ್ರಗಳಿಗೆ ಅದನ್ನು ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಹಿಂದಿನ ಅಚ್ಚಿಗೆ ಅದನ್ನು ಒಯ್ಯುವುದು ಪ್ರೊಪೆಲರ್ ಷಾಫ್ಟು. ಟ್ರಾನ್ಸ್‌ಫರ್ ಕೇಸು ಚಾಸಿಗೆ ಬಿಗಿದಿರುತ್ತದೆ, ಅಚ್ಚಾದರೋ ಕಮಾನುಗಳೊಡನೆ ಕುಣಿಯುತ್ತಿರುತ್ತದೆ. ಈ ಎರಡನ್ನೂ ಹೊಂದಿಸಲು ಷಾಫ್ಟಿನ ಎರಡು ತುದಿಗಳಲ್ಲಿಯೂ ಒಂದೊಂದು ಕೀಲು ಬೇಕು. ಎರಡು ಕವಲುಗಳು, ಅವುಗಳ ನಡುವೆ ಕೂಡಿಸುವ ಗುರುತಿನಾಕಾರದ ಒಂದು ಉಕ್ಕಿನ ತುಂಡು, ಇಷ್ಟೇ ಅದರ ರಚನೆ. ಗ್ಯಾರೇಜಿನವರು ಇದನ್ನು 'ಕ್ರಾಸ್' ಎನ್ನುತ್ತಾರೆ. ಇಟಲಿಯ ಕಾರ್ಡಾನೊ (1501–1576) ಎಂಬಾತನ ಹೆಸರಿನಿಂದ ಇದಕ್ಕೆ ಕಾರ್ಡನ್ ಕೀಲೆಂದೂ, ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703) ಎಂಬ ವಿಜ್ಞಾನಿಯ ಹೆಸರಿನಿಂದ ಹುಕ್ ಕೀಲೆಂದೂ ಹೆಸರುಂಟು.

ಈ ಕೀಲಿಗೆ ಒಂದು ಹುಟ್ಟುಗುಣವಿದೆ. ನೆಟ್ಟಗಿದ್ದಾಗ ಅದು ಸಮವಾಗಿ ತಿರುಗುತ್ತದೆ. ಬಾಗಿದಾಗ ಮಾತ್ರ, ಒಂದು ಕಡೆ ಎಷ್ಟೇ ಸಮವಾಗಿ ತಿರುಗಿಸಿದರೂ ಇನ್ನೊಂದು ಕಡೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂಜರಿಯುತ್ತದೆ. ನಿಮಿಷಕ್ಕೆ 1000 ಸುತ್ತು ಕೊಟ್ಟರೆ, 5 ಡಿಗ್ರಿ ಬಾಗಿದ ಕೀಲಿನಾಚೆ ವೇಗ 996ಕ್ಕೂ 1004ಕ್ಕೂ ನಡುವೆ ತೂಗಾಡುತ್ತದೆ. 10 ಡಿಗ್ರಿ ಬಾಗಿದರೆ 985ರಿಂದ 1015ರವರೆಗೆ. 20 ಡಿಗ್ರಿಗೆ 940ರಿಂದ 1064ರವರೆಗೆ. ಅಂದರೆ ಬಾಗು ಇಮ್ಮಡಿಯಾದರೆ ಅಸಮತೆ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ.

ಹಾಗಾದರೆ ಎಲ್ಲ ಜೀಪುಗಳೂ ನಡುಗಬೇಕಲ್ಲವೆ? ಇಲ್ಲ. ಮೊದಲನೆಯ ಕೀಲು ಮಾಡಿದ ಹೆಚ್ಚುಕಡಿಮೆಯನ್ನು ಎರಡನೆಯ ಕೀಲು ಸರಿಗಟ್ಟುತ್ತದೆ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಎರಡು ಕೀಲುಗಳ ಬಾಗೂ ಸಮವಾಗಿರಬೇಕು; ಷಾಫ್ಟಿನ ಎರಡು ತುದಿಗಳ ಕವಲುಗಳೂ ಒಂದೇ ನೇರದಲ್ಲಿರಬೇಕು. ತಯಾರಕರು ಇದನ್ನು ಲೆಕ್ಕಹಾಕಿಯೇ ಜೋಡಿಸಿರುತ್ತಾರೆ. ನಾವು ಗಾಡಿಯನ್ನು ಎತ್ತರಿಸಿದಾಗ ಆ ಲೆಕ್ಕ ತಪ್ಪುತ್ತದೆ. ಎರಡೂವರೆ ಅಡಿ ಉದ್ದದ ಷಾಫ್ಟಿನ ಒಂದು ತುದಿಯನ್ನು ಮೂರು ಅಂಗುಲ ಎತ್ತಿದರೆ ಅದರ ಇಳುಕಲು ಸುಮಾರು 6 ಡಿಗ್ರಿ ಹೆಚ್ಚುತ್ತದೆ. ಷಾಫ್ಟು ಗಿಡ್ಡವಾದಷ್ಟೂ ಈ ತೊಂದರೆ ಜಾಸ್ತಿ. ಕಮಾನು ಬದಲಿಸಿದಾಗ ಅಚ್ಚೂ ಕೊಂಚ ಹೊರಳಿ, ಷಾಫ್ಟು ಬಂದು ಸೇರುವ ಪಿನಿಯನ್ನಿನ ಮೂತಿ ಮೇಲಕ್ಕೋ ಕೆಳಕ್ಕೋ ತಿರುಗಬಹುದು. ಆಗ ಎರಡು ಬಾಗುಗಳೂ ಸಮವಾಗಿ ಉಳಿಯುವುದಿಲ್ಲ. ಸಮವಾಗಿಯೇ ಉಳಿದರೂ, ಬಾಗು ಬಹಳವಾದರೆ ನಡುವಿನ ಷಾಫ್ಟು ಮಾತ್ರ ಏರಿಳಿಯುತ್ತಲೇ ಇರುತ್ತದೆ, ಅದರಿಂದಲೂ ನಡುಕ ಬರುತ್ತದೆ.

ಇನ್ನು ಪರೀಕ್ಷೆಯ ಮಾತು. ಪದ್ಯಕ್ಕೆ ಅನ್ವಯ ಹೇಳುವಾಗ ಮೊದಲು ಕ್ರಿಯಾಪದವನ್ನು ಹಿಡಿದು ಅದರ ಕರ್ತೃವನ್ನು ಹುಡುಕುತ್ತೇವಷ್ಟೆ. ಇಲ್ಲಿ ನಡುಕವೇ ಕ್ರಿಯಾಪದ. ಅದರ ಕರ್ತೃ ಚಕ್ರವೋ, ಷಾಫ್ಟೋ, ಎಂಜಿನ್ನೋ ಎಂಬುದನ್ನು ನಡುಕದ ಲಯವೇ ಹೇಳುತ್ತದೆ. 76 ಸೆಂಟಿಮೀಟರು ಅಡ್ಡಳತೆಯ ಚಕ್ರ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ. ಅಚ್ಚಿನ ಗೇರಿನ ಅನುಪಾತ ನಾಲ್ಕಕ್ಕೆ ಒಂದಾದರೆ ಷಾಫ್ಟು 28 ಸುತ್ತು ತಿರುಗುತ್ತದೆ. ಕೀಲಿನ ತೊಂದರೆ ಸುತ್ತಿಗೆ ಎರಡು ಸಲವಾದುದರಿಂದ 56 ಮಿಡಿತ. ಚಕ್ರದ ದೋಷ ಕೈಗೆ ತಿಳಿಯುವ ಕುಲುಕು. ಕೀಲಿನ ದೋಷ ಕಿವಿಗೂ ತಿಳಿಯುವ ಗುಂಯ್‌ಗುಡುವಿಕೆ. ರೇಡಿಯೋದಲ್ಲಿ ಒಮ್ಮೊಮ್ಮೆ ವಿದ್ಯುತ್ತಿನ 50 ಆವರ್ತದ ಗುಂಯ್‌ಕಾರ ಸೇರಿಕೊಳ್ಳುವುದನ್ನು ಕೇಳಿದವರಿಗೆ ಈ ದನಿಯ ಅಂದಾಜು ಸುಲಭವಾಗಿ ಸಿಕ್ಕುತ್ತದೆ.

ಪರೀಕ್ಷೆಗೆ ಮುನ್ನ ಗಾಡಿಯನ್ನು ಚೆನ್ನಾಗಿ ತೊಳೆಯಿರಿ. ಚಕ್ರದ ಒಳಮೈಗೂ ಷಾಫ್ಟಿಗೂ ಮೆತ್ತಿ ಒಣಗಿದ ಕೆಸರೇ ಎಷ್ಟೋ ಸಲ ನಡುಕಕ್ಕೆ ಕಾರಣವಾಗಿರುತ್ತದೆ. ಅನಂತರ ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ನಡುಕ ಯಾವ ವೇಗಕ್ಕೆ ಏಳುತ್ತದೆಂದು ಗುರುತು ಮಾಡಿಕೊಳ್ಳಿ. ಅದೇ ವೇಗದಲ್ಲಿ ಎಂಜಿನ್ನನ್ನು ನಿಲ್ಲಿಸದೆ ಗೇರನ್ನು ಮಾತ್ರ ನ್ಯೂಟ್ರಲ್ಲಿಗೆ ತನ್ನಿ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡ. ಎಂಜಿನ್ನಿನ ವೇಗ ಇಳಿದರೂ ನಡುಕ ಉಳಿದರೆ ಎಂಜಿನ್ನು ನಿರ್ದೋಷಿ. ದೋಷ ಚಕ್ರ ಅಥವಾ ಷಾಫ್ಟಿನ ಕಡೆಗಿದೆ. ಆಕ್ಸಿಲರೇಟರು ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಆಗುತ್ತಿದ್ದರೆ ಕೀಲಿನ ಬಾಗನ್ನು ಶಂಕಿಸಬೇಕು. ಏಕೆಂದರೆ ಎಳೆತ ಬಿದ್ದಾಗ ಕಮಾನು ತುಸು ಮುರುಚಿ ಪಿನಿಯನ್ನಿನ ಮೂತಿ ಮೇಲೇಳುತ್ತದೆ.

ಮುಂದಿನದು ಕೈಯಿಂದ ಮಾಡುವ ತಪಾಸಣೆ. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ನು ಆರಿಸಿದ ಮೇಲೆ ಷಾಫ್ಟನ್ನು ಹಿಡಿದು ಅಲುಗಿಸಿ ನೋಡಿ. ಕ್ರಾಸಿನಲ್ಲಿ ಸಡಿಲವಿದ್ದರೆ, ಅದರ ಬಟ್ಟಲುಗಳ ಬಳಿ ಕೆಂಪು ತುಕ್ಕಿನ ಪುಡಿ ಕಂಡರೆ, ಗ್ರೀಸು ಒಣಗಿ ಬೇರಿಂಗು ಸವೆದಿದೆಯೆಂದು ಅರ್ಥ. ಷಾಫ್ಟಿನ ನಡುವೆ ಉದ್ದ ಹೆಚ್ಚುಕಡಿಮೆಯಾಗಲು ಬಿಟ್ಟಿರುವ ಜಾರುಜೋಡಣೆಯನ್ನೂ ನೋಡಬೇಕು. ಎತ್ತರಿಸಿದಾಗ ಅದು ಹೊರಕ್ಕೆ ಎಳೆದುಕೊಂಡು, ಹಿಡಿತ ಸಾಲದೆ ತೊನೆಯುತ್ತಿರಬಹುದು. ಅದನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಒಂದು ಹಲ್ಲು ತಪ್ಪಿದರೂ ಎರಡು ಕವಲುಗಳ ನೇರ ಕೆಡುತ್ತದೆ. ಬಿಚ್ಚುವ ಮೊದಲೇ ಬಿಳಿ ಬಣ್ಣದಿಂದ ಗುರುತು ಹಾಕಿಸುವುದು ಒಳ್ಳೆಯದು.

ಕೊನೆಯದಾಗಿ ಕೋನಗಳ ಅಳತೆ. ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ತೂಕ ಇಳಿಬಿಟ್ಟರೆ ಮೊದಲ ಅಂದಾಜಿಗೆ ಸಾಕು. ಟ್ರಾನ್ಸ್‌ಫರ್ ಕೇಸಿನ ತುದಿ, ಷಾಫ್ಟು, ಪಿನಿಯನ್ನಿನ ಮೂತಿ, ಈ ಮೂರರ ಓಟವನ್ನೂ ಅಳೆಯಬೇಕು. ಗಾಡಿಯ ಭಾರವೆಲ್ಲ ಚಕ್ರಗಳ ಮೇಲೆಯೇ ಇರಬೇಕು. ಜಾಕಿನಲ್ಲಿ ಎತ್ತಿದರೆ ಅಚ್ಚು ಜೋತುಬಿದ್ದು ಲೆಕ್ಕ ಸುಳ್ಳಾಗುತ್ತದೆ.

ಪರಿಹಾರದಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ತುದಿಗೊಂದೊಂದು ಕ್ರಾಸ್ ಇರುವ ಸಾಧಾರಣ ಷಾಫ್ಟಿನಲ್ಲಿ ಪಿನಿಯನ್ನು ಟ್ರಾನ್ಸ್‌ಫರ್ ಕೇಸಿನ ತುದಿಗೆ ಸಮಾನಾಂತರವಾಗಿರಬೇಕು. ಕಮಾನಿಗೂ ಅಚ್ಚಿಗೂ ನಡುವೆ ಉಕ್ಕಿನ ಬೆಣೆ ಇಟ್ಟು ಇದನ್ನು ಸರಿಪಡಿಸಬಹುದು. ಬಾಗು ಕಡಿಮೆಯಾಗಲೆಂದು ಪಿನಿಯನ್ನಿನ ಮೂತಿಯನ್ನು ನೇರವಾಗಿ ಷಾಫ್ಟಿನ ಕಡೆಗೆ ತಿರುಗಿಸಿದರೆ ಒಂದು ಕೀಲು ನೆಟ್ಟಗಾಗಿ ಇನ್ನೊಂದು ಬಾಗಿಯೇ ಉಳಿಯುತ್ತದೆ. ನಡುಕ ಇನ್ನೂ ಹೆಚ್ಚುತ್ತದೆ. ಮೇಲುತುದಿಯಲ್ಲಿ ಎರಡು ಕ್ರಾಸುಗಳು ಜೋಡಿಯಾಗಿರುವ ಷಾಫ್ಟು ಹಾಕಿಸಿದರೆ ಮಾತ್ರ ಮೂತಿ ಷಾಫ್ಟಿನತ್ತ ನೋಡಬೇಕು. ಆಗಲೂ ಪಟ್ಟೆಕಮಾನಿನ ಗಾಡಿಯಲ್ಲಿ ಒಂದೆರಡು ಡಿಗ್ರಿ ತಗ್ಗಿಸಿಯೇ ಇಡುವುದು ವಾಡಿಕೆ, ಎಳೆತಕ್ಕೆ ಅದು ತಾನೇ ಮೇಲೇಳುವುದರಿಂದ. ಟ್ರಾನ್ಸ್‌ಫರ್ ಕೇಸನ್ನು ಕೆಳಗಿಳಿಸುವುದು ಇನ್ನೊಂದು ಉಪಾಯ. ಆದರೆ ಎತ್ತರಿಸಿ ಗಳಿಸಿದ ಜಾಗದಲ್ಲಿ ಒಂದು ಪಾಲನ್ನು ಅದು ಹಿಂದಕ್ಕೆ ಪಡೆಯುತ್ತದೆ.

ಕಾನೂನಿನ ಮಾತೊಂದು ಉಳಿಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಆದುದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಗಾಡಿಯನ್ನು ಎತ್ತರಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ತೋಟದೊಳಗಣ ಬಳಕೆಗೆಂದೇ ಎತ್ತರಿಸುವವರು ಕೆಲಸಕ್ಕೆ ಬಿಡುವ ಹಿಂದಿನ ದಿನವೇ ಆ ಮೂರು ಕೋನಗಳನ್ನು ಅಳೆದು ಬರೆದಿಟ್ಟುಕೊಳ್ಳಲಿ. ಮುಂದೆ ನಡುಕವೇನಾದರೂ ಬಂದರೆ ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಬಹುದು. ಆಗ ಕೆಟ್ಟದ್ದು ಯಾವುದೆಂದು ತಿಳಿಯಲು ಕೆಡದ ಭಾಗಗಳನ್ನೆಲ್ಲ ಬದಲಿಸಬೇಕಾಗಿ ಬರುವುದಿಲ್ಲ.