ಕ್ರೋಷಾ ಹೆಣಿಗೆಯ ಮೊದಲ ಪಾಠಗಳು

ಒಂದು ಕೊಕ್ಕೆಕಡ್ಡಿ, ಒಂದು ಉಂಡೆ ನೂಲು; ಇಷ್ಟೇ ಬಂಡವಾಳದಿಂದ ಆರಂಭಿಸಬಹುದಾದ ಕೈಕಸುಬು ಕ್ರೋಷಾ ಹೆಣಿಗೆ. ಕೊಕ್ಕೆ ಎಂಬ ಅರ್ಥವುಳ್ಳ ಫ್ರೆಂಚ್ ಮಾತಿನಿಂದ ಇದಕ್ಕೆ ಈ ಹೆಸರು ಬಂದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳಲ್ಲಿ ಬಾಗಿಲ ತೋರಣ, ಮೇಜಿನ ಹಾಸು, ಸೀರೆಯ ಸೆರಗಿನ ಕುಚ್ಚು ಇವುಗಳ ರೂಪದಲ್ಲಿ ಇದು ಎಲ್ಲರಿಗೂ ಪರಿಚಿತವಾದುದು.

ಇದನ್ನು ಕೇವಲ ಬಿಡುವಿನ ವಿನೋದವೆಂದು ಎಣಿಸುವುದು ಸರಿಯಲ್ಲ. 1845ರ ಅನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ನಾಶವಾಗಿ ಭೀಕರ ಕ್ಷಾಮ ತಲೆದೋರಿದಾಗ, ಅನೇಕ ಕುಟುಂಬಗಳಿಗೆ ಅನ್ನವಿತ್ತದ್ದು ಈ ಕೊಕ್ಕೆಕಡ್ಡಿಯೇ. ನೆರೆಯ ಆಂಧ್ರದ ನರಸಾಪುರ ಪ್ರದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸು ಹೆಣಿಗೆ ಇಂದಿಗೂ ಮನೆಮನೆಯ ಹೆಂಗಸರ ಉದ್ಯೋಗವಾಗಿದೆ. ಮಳೆಯನ್ನೇ ನೆಚ್ಚಿದ ಜಗಳೂರಿನಂಥ ಬರಪೀಡಿತ ಸೀಮೆಗೆ ಈ ನಿದರ್ಶನಗಳು ಅರ್ಥಪೂರ್ಣವಾದುವು.

ಆದರೆ ಕಲಿಯುವವರಲ್ಲಿ ಬಹುಮಂದಿ ಆರಂಭಶೂರರು. ಮೊದಲ ದಿನವೇ ದೊಡ್ಡ ತೋರಣಕ್ಕೆ ಕೈಹಾಕಿ, ಅರ್ಧಕ್ಕೆ ಬೇಸತ್ತು, ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುತ್ತಾರೆ. ಆದುದರಿಂದ ಮೊದಲ ಕೆಲಸಗಳು ಒಂದೆರಡು ದಿನಗಳಲ್ಲಿ ಮುಗಿಯುವಂಥವೂ, ಒಂದೊಂದೂ ಒಂದು ಹೊಸ ತತ್ತ್ವವನ್ನು ಕಲಿಸುವಂಥವೂ ಆಗಿರಬೇಕು. ಮೊದಲಿಗೆ 4 ಮಿಲಿಮೀಟರ್ ಕಡ್ಡಿ ಹಾಗೂ ತಿಳಿಬಣ್ಣದ ದಪ್ಪ ಹತ್ತಿಯ ನೂಲು ಉತ್ತಮ. ಕಪ್ಪು ನೂಲಿನಲ್ಲಿ ಕುಣಿಕೆಗಳು ಕಣ್ಣಿಗೆ ಕಾಣವು.

ಮೊದಲನೆಯದು, ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. 21 ಕುಣಿಕೆಗಳ ಸರಪಳಿ ಹಾಕಿ, ಕಡ್ಡಿಯಿಂದ ಎರಡನೆಯ ಕುಣಿಕೆಯಲ್ಲಿ ಕೊಕ್ಕೆ ತೂರಿಸಿ ನೂಲೆಳೆಯಬೇಕು. ಕಡ್ಡಿಯ ಮೇಲೆ ಎರಡು ಕುಣಿಕೆಗಳಾದಾಗ ಮತ್ತೆ ನೂಲನ್ನು ಸುತ್ತಿ ಎರಡರಿಂದಲೂ ಒಮ್ಮೆಗೇ ಹೊರಗೆಳೆದರೆ ಒಂದು ಗಿಡ್ಡ ಹೆಣಿಗೆ. ಹೀಗೆ ಸಾಲಿಗೆ 20. ಸಾಲಿನ ಕೊನೆಯಲ್ಲಿ ಒಂದು ಸರಪಳಿ ಹಾಕಿ ತಿರುಗಿಸಿ, ಚೌಕವಾಗುವವರೆಗೆ ಮುಂದುವರಿಸಬೇಕು. ಬಟ್ಟೆ ಬರಬರುತ್ತ ಕಿರಿದಾದರೆ ಅಂಚಿನ ಹೆಣಿಗೆ ತಪ್ಪಿದೆಯೆಂದೇ ಅರ್ಥ. ಇಂಥ ಎರಡು ಚೌಕಗಳನ್ನು ಜೋಡಿಸಿದರೆ ಕೈಗೆ ಬಿಸಿ ತಾಗದು. ಇದಕ್ಕೆ ಹತ್ತಿಯ ನೂಲೇ ಆಗಬೇಕು. ಕೃತಕ ಉಣ್ಣೆ ಬಿಸಿಗೆ ಕರಗುತ್ತದೆ.

ಎರಡನೆಯದು, ತಂಬಿಗೆಯ ಕೆಳಗಿಡುವ ದುಂಡು ಹಾಸು. ಇದರಲ್ಲಿ ಉದ್ದನೆಯ ಹೆಣಿಗೆ, ಅಂದರೆ ಕಂಬ, ಬರುತ್ತದೆ. ಕಡ್ಡಿಗೆ ಮೊದಲೇ ನೂಲು ಸುತ್ತಿಕೊಂಡು ಕೊಕ್ಕೆ ತೂರಿಸಿ ಎಳೆದಾಗ ಮೂರು ಕುಣಿಕೆಗಳಾಗುತ್ತವೆ. ನೂಲು ಸುತ್ತಿ ಎರಡೆರಡಾಗಿ ಎರಡು ಸಲ ಬಿಡಿಸಿದರೆ ಕಂಬವಾಯಿತು. ನಾಲ್ಕು ಸರಪಳಿಗಳನ್ನು ಬಳೆಯಂತೆ ಕೂಡಿಸಿ, ಮೇಲೇರಲು ಮೂರು ಸರಪಳಿ ಹಾಕಿ, ಅದನ್ನೇ ಒಂದು ಕಂಬವೆಂದು ಎಣಿಸಿ, ಬಳೆಯೊಳಗೆ ಇನ್ನೂ 11 ಕಂಬ ಹಾಕಬೇಕು. ಎರಡನೆಯ ಸುತ್ತಿನಲ್ಲಿ 24, ಮೂರನೆಯದರಲ್ಲಿ 36. ಪ್ರತಿ ಸುತ್ತಿಗೂ 12 ಸಮನಾಗಿ ಹೆಚ್ಚಿದರೆ ಹಾಸು ಸಪಾಟಾಗಿ ಕೂರುತ್ತದೆ. ಕಡಿಮೆಯಾದರೆ ಬಟ್ಟಲಿನಂತೆ ಮೇಲೇಳುತ್ತದೆ, ಹೆಚ್ಚಾದರೆ ನಿರಿಗೆಗಟ್ಟುತ್ತದೆ. ಗಣಿತದ ಪಾಠವನ್ನು ನೂಲು ತಾನೇ ಒಪ್ಪಿಸುತ್ತದೆ.

ಮೂರನೆಯದು, ಕರವಸ್ತ್ರದ ಅಂಚು. ಇದಕ್ಕೆ ಸಣ್ಣ ಕಡ್ಡಿ, ತೆಳು ನೂಲು ಬೇಕು. ಅಂಚಿನಲ್ಲಿ ಸಮಾನಾಂತರದಲ್ಲಿ ಸೂಜಿಯಿಂದ ರಂಧ್ರ ಮಾಡಿ, ಪ್ರತಿ ರಂಧ್ರದಲ್ಲಿ ಒಂದು ಗಿಡ್ಡ ಹೆಣಿಗೆ, ನಡುವೆ ಮೂರು ಸರಪಳಿ. ಮೂಲೆಯ ರಂಧ್ರದಲ್ಲಿ ಮಾತ್ರ ಮೂರು ಹೆಣಿಗೆ. ಇಲ್ಲವಾದರೆ ಮೂಲೆ ಮುದುಡುತ್ತದೆ.

ಇಷ್ಟು ಕೈವಶವಾದರೆ ಸೆರಗಿನ ಕುಚ್ಚಿಗೆ ದಾರಿ ತೆರೆಯಿತು. ಆದರೂ ಮೊದಲು ಹಳೆಯ ಬಟ್ಟೆಯ ತುಂಡಿನ ಮೇಲೆ ಅಭ್ಯಾಸ ಮಾಡುವುದು ಲೇಸು. ರೇಷ್ಮೆಯಲ್ಲಿ ಬಿಚ್ಚಿ ಹಾಕಿದರೆ ಎಳೆ ಕೆಡುತ್ತದೆ.

ಈ ಹೆಣಿಗೆಯನ್ನು ಯಥಾವತ್ತಾಗಿ ಮಾಡುವ ಯಂತ್ರ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿರುವ ಒಂದೊಂದು ಕ್ರೋಷಾ ಕುಚ್ಚೂ ಯಾರೋ ಒಬ್ಬಳ ಕೈ, ಕಣ್ಣು, ಬೆನ್ನುಗಳ ದುಡಿಮೆ. ತಾನೇ ಒಂದು ಮಸಿಬಟ್ಟೆ ಹೆಣೆದು ಗಂಟೆಗಳನ್ನು ಎಣಿಸಿದವರು ಆ ದುಡಿಮೆಗೆ ಅಗ್ಗದ ಬೆಲೆ ಕಟ್ಟಲಾರರು. ಶಾಲೆಯಲ್ಲಿ ಬಾಲಕಿಯರೊಡನೆ ಬಾಲಕರಿಗೂ ಈ ವಿದ್ಯೆ ದೊರೆಯಬೇಕೆನ್ನಲು ಇದೇ ಕಾರಣ. ಒಂದು ಕಡ್ಡಿ, ಒಂದು ಉಂಡೆ ನೂಲು ಯಾವ ಶಾಲೆಗೂ ಭಾರವಾಗಲಾರದು.