ಹೂಳೇ ಹಾಸಿಗೆ: ಧೂಪದಾಳದ ಕೊಕ್ಕರೆಗಳು

ಉಗಾರ ಬುದ್ರುಕದವರಿಗೆ ನೀರೆಂದರೆ ಕೃಷ್ಣಾ ಹೊಳೆ, ಬಾಂದಾರ, ಕಬ್ಬಿನ ಹೊಲಕ್ಕೆ ಎಳೆದ ಪೈಪು. ಪಕ್ಕದ ಉಗಾರ ಖುರ್ದದಲ್ಲಿ ರೈಲು ಹತ್ತಿ ಕುಡಚಿ, ರಾಯಬಾಗ ದಾಟಿ ಘಟಪ್ರಭಾದಲ್ಲಿ ಇಳಿದರೆ ಬೇರೆಯೇ ಬಗೆಯ ನೀರು ಕಾಣುತ್ತದೆ. ಕಾಲುವೆಗೆ ಘಟಪ್ರಭಾ ಹೊಳೆಯನ್ನು ತಿರುಗಿಸಲೆಂದು 1897ರಲ್ಲಿ ಧೂಪದಾಳದಲ್ಲಿ ಕಟ್ಟಿದ ಒಡ್ಡಿನ ಹಿನ್ನೀರು ಅದು. 1974ರಿಂದ ಅದು ಪಕ್ಷಿಧಾಮ.

ಚಳಿಗಾಲಕ್ಕೆ ಇಲ್ಲಿ ಇಳಿಯುವ ಹಕ್ಕಿಗಳಲ್ಲಿ ಡೆಮಾಯ್ಸೆಲ್ ಕ್ರೇನ್ ಎಂಬ ಬೂದು ಕೊಕ್ಕರೆಯನ್ನೇ ನೋಡಿ. ಮಂಗೋಲಿಯ, ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಈ ಹಕ್ಕಿಯ ತೂಕ ಎರಡು-ಮೂರು ಕಿಲೊ ಅಷ್ಟೆ. ಹಗಲೆಲ್ಲ ಹೊಲಗಳಲ್ಲಿ ಕಾಳು, ಹುಳು ಹೆಕ್ಕುತ್ತದೆ. ಇರುಳಾದರೆ ಮರ ಹತ್ತಲಾರದು. ಅದರ ಹಿಂಬೆರಳು ಗಿಡ್ಡ, ಉಳಿದ ಬೆರಳುಗಳಿಗಿಂತ ಮೇಲಿದೆ. ಕೊಂಬೆ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಮೊಣಕಾಲೂ ಮುಳುಗದ ನೀರಿನಲ್ಲಿ ಗುಂಪಾಗಿ ನಿಂತು ನಿದ್ದೆ ಮಾಡುತ್ತದೆ. ನರಿಯೋ ನಾಯಿಯೋ ಹತ್ತಿರ ಬಂದರೆ ನೀರು ಸದ್ದು ಮಾಡುತ್ತದೆ.

ಇಂಥ ತೆಳುನೀರು ಎಲ್ಲ ಜಲಾಶಯದಲ್ಲೂ ಸಿಗದು. ಮೇಲಿನ ಹಿಡಕಲ್ ಅಣೆಕಟ್ಟು ಮಳೆಗಾಲದಲ್ಲಿ ತುಂಬಿ, ಬೇಸಿಗೆ ಹೊತ್ತಿಗೆ ಹಲವು ಮೀಟರ್ ಇಳಿಯುತ್ತದೆ. ಅಂಚಿನಲ್ಲಿ ಜೊಂಡು ಬೇರೂರಲು ಬಿಡುವೇ ಇಲ್ಲ. ಧೂಪದಾಳದ ಒಡ್ಡು ಗಿಡ್ಡ. ಹಿಡಕಲ್‌ನಿಂದ ಬಿಟ್ಟ ನೀರು ಇಲ್ಲಿ ಕಾಲುವೆಗೆ ತಿರುಗುತ್ತದೆ, ಹೆಚ್ಚಾದದ್ದು ಒಡ್ಡಿನ ಮೇಲೆ ಹರಿದುಹೋಗುತ್ತದೆ, ಮಟ್ಟ ಅಷ್ಟಾಗಿ ಏರಿಳಿಯುವುದಿಲ್ಲ. ಹರಿವು ನಿಧಾನವಾದಲ್ಲಿ ಮಣ್ಣು ತಳಕ್ಕೆ ಕೂರುತ್ತದೆ. ಹೂಳಿನಲ್ಲಿ ಜೊಂಡು, ಜೊಂಡಿನಲ್ಲಿ ಬಸವನಹುಳು, ಮರಿಮೀನು, ಅವನ್ನರಸಿ ನೀರುಹಕ್ಕಿಗಳು. ಎಂಜಿನಿಯರ್ ನಷ್ಟದ ಲೆಕ್ಕಕ್ಕೆ ಬರೆಯುವ ಹೂಳು ಹಕ್ಕಿಗೆ ನೆಲೆಯಾಗುತ್ತದೆ. ನೂರು ವರ್ಷದ ಈ ಕೆಲಸವನ್ನು ಹೊಸ ಒಡ್ಡು ಒಂದೆರಡು ಮಳೆಗಾಲದಲ್ಲಿ ಮಾಡಿಕೊಡಲಾರದು. ಶ್ರೀರಂಗಪಟ್ಟಣದ ರಂಗನತಿಟ್ಟು ಕೂಡ ಹದಿನೇಳನೆಯ ಶತಮಾನದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳ ಸಾಲು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು.

ಮಣ್ಣಿನ ಕಾಲುವೆಯೂ ಹಾಗೆಯೇ. ಅದರ ಕಡಿದಾದ ದಂಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಸಿಮೆಂಟು ಬಳಿದರೆ ಬಸಿಯುವ ನೀರು ಉಳಿಯುತ್ತದೆ, ರೈತರಿಗೆ ಅದು ಬೇಕು ಕೂಡ. ಬಿಲಕ್ಕೆ ಮಾತ್ರ ಜಾಗವಿರುವುದಿಲ್ಲ. ನೀರಿನ ಮಟ್ಟಕ್ಕಿಂತ ಮೇಲಿನ ದಂಡೆಯನ್ನಾದರೂ ಅಲ್ಲಲ್ಲಿ ಮಣ್ಣಾಗಿಯೇ ಬಿಡಬೇಕು. ಹಿನ್ನೀರಿನ ಹೂಳು ತೆಗೆಯುವುದಾದರೆ ಕಾಲುವೆಯ ಬಾಯಿಯ ಹತ್ತಿರ ತೆಗೆಯಲಿ, ಕೊಕ್ಕರೆಗಳು ಮರಳಿದ ಮೇಲೆ, ಬೇಸಿಗೆಯಲ್ಲಿ.